ಊದುಬತ್ತಿ ಹೊಸೆಯುವ ಅಂಗೈ

ಮೈಸೂರಿನ ಊದುಬತ್ತಿಯ ಪರಿಮಳವನ್ನು ಎಲ್ಲರೂ ಹೊಗಳುತ್ತಾರೆ. ನಾನು ಮೊದಲು ಮೆಚ್ಚುವುದು ಅದನ್ನು ಹೊಸೆಯುವ ಅಂಗೈಯನ್ನು. ಇದ್ದಿಲ ಪುಡಿಗೆ ಜಿಗಟು ತೊಗಟೆಯ ಪುಡಿ ಬೆರೆಸಿ, ನೀರಲ್ಲಿ ಕಲಸಿ, ಚೂರು ಹಿಟ್ಟನ್ನು ಬಿದಿರುಕಡ್ಡಿಗೆ ಹಚ್ಚಿ ಮಣೆಯ ಮೇಲೆ ಉರುಳಿಸಬೇಕು. ಉದ್ದಕ್ಕೂ ಒಂದೇ ದಪ್ಪ ಬರುವುದು ಅಳತೆಯಿಂದಲ್ಲ, ಕೈಯ ಒತ್ತಡದ ಅಂದಾಜಿನಿಂದ. ಒಣಗಿದ ಮೇಲಷ್ಟೇ ಸುಗಂಧದಲ್ಲಿ ಅದ್ದುವುದು. ಬಹುಕಾಲ ಇದು ಹೆಂಗಸರು ಒಲೆ, ಮಕ್ಕಳನ್ನು ನೋಡಿಕೊಳ್ಳುತ್ತಲೇ ಮನೆಯಲ್ಲಿ ಮಾಡಿದ ದುಡಿಮೆ. ಅವರ ಕೂಲಿ ಇನ್ನೂ ಹೆಚ್ಚಿರಬೇಕಿತ್ತು.

1948ರಲ್ಲಿ ಎನ್. ರಂಗರಾವ್ ಇಲ್ಲಿ ಆರಂಭಿಸಿದ ಉದ್ಯಮವೇ ಇಂದಿನ ಸೈಕಲ್ ಅಗರಬತ್ತಿ. ಅವರ ಹೆಸರಿನಲ್ಲಿ 1988ರಿಂದ ದೃಷ್ಟಿಹೀನ ಹೆಣ್ಣುಮಕ್ಕಳಿಗೆ ವಸತಿ ಶಾಲೆ ನಡೆಯುತ್ತಿದೆ. ದುಡಿಮೆಯ ಫಲ ಹೀಗೆ ಊರಿಗೇ ಮರಳಿದ್ದಕ್ಕೆ ನನಗೆ ಅಪಾರ ಸಂತೋಷ.