ಮತ್ತೆ ತೆರೆದ ಝಡ್ ಕಣ್ಣು

2021ರ ಆಗಸ್ಟಿನಲ್ಲಿ ತೆರೆ ಸರಿಸಿಕೊಂಡು ಬಂದ ಹೊಸ ನಿಸ್ಸಾನ್ ಝಡ್ ಕಾರಿನ ಕಣ್ಣುಗಳನ್ನು ಎಷ್ಟು ನೋಡಿದರೂ ನನಗೆ ಸಾಲದು. ಒಂದೊಂದು ಹೆಡ್‌ಲೈಟಿನಲ್ಲೂ ಬೆಳಕಿನ ಎರಡು ಅರ್ಧವೃತ್ತ, ಮೇಲೊಂದು ಕೆಳಗೊಂದು. ಇದು ಬರೀ ಅಲಂಕಾರವಲ್ಲ. ಎಪ್ಪತ್ತರ ದಶಕದ ಫೇರ್‌ಲೇಡಿ 240ಝಡ್‌ಜಿ ಕಾರಿನ ದುಂಡು ದೀಪಗಳಿಗೆ ಪಾರದರ್ಶಕ ಮುಚ್ಚಳವಿತ್ತು. ಬಿಸಿಲು ಬಿದ್ದಾಗ ಆ ಮುಚ್ಚಳದ ಮೇಲೆ ಎರಡು ಬಾಗಿದ ಹೊಳಪು ಮೂಡುತ್ತಿತ್ತು. ಅರ್ಧ ಶತಮಾನದ ಹಿಂದಿನ ಆ ಕ್ಷಣದ ಹೊಳಪನ್ನು ನೆನಪಿಟ್ಟುಕೊಂಡು ಯಾರೋ ಎಲ್‌ಇಡಿಯಲ್ಲಿ ಕಡೆದಿಟ್ಟಿದ್ದಾರಲ್ಲ, ಆ ಪ್ರೀತಿಗೆ ನಾನು ಸೋತೆ!

ಚೌಕದ ಗ್ರಿಲ್ ದೊಡ್ಡದಾಯಿತು, ತಳಹದಿ ಹಿಂದಿನ 370ಝಡ್‌ನದೇ ಎಂದು ಗೊಣಗುವ ಅಭಿಮಾನಿಗಳಿದ್ದಾರೆ. ಗೊಣಗಲಿ. ಪಕ್ಕದಿಂದ ನೋಡಿ: ಉದ್ದನೆಯ ಬಾನೆಟ್, ಅಲ್ಲಿಂದ ಹಿಂದಕ್ಕೆ ಇಳಿಯುತ್ತ ಹೋಗುವ ಚಾವಣಿ, ಅದರ ಅಂಚಿನಲ್ಲಿ ಜಪಾನಿನ ಕಟಾನಾ ಕತ್ತಿಯ ಅಲಗಿನಂಥ ಬೆಳ್ಳಿಬಣ್ಣದ ಪಟ್ಟಿ. ಬಾಲ ಮುಂದಿನ ಫೆಂಡರ್‌ಗಿಂತ ತುಸುವೇ ತಗ್ಗು. 1969ರ ಮೊದಲ ಝಡ್‌ನ ನಿಲುವೂ ಹೀಗೇ ಇತ್ತು.

ಒಳಗೆ ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಮೂರು ಗುಂಡು ಮೀಟರುಗಳು, ಮೂರಕ್ಕೂ ನಿಜವಾದ ಮುಳ್ಳು. ಒಂದು ಬೂಸ್ಟ್ ಒತ್ತಡ ಹೇಳುತ್ತದೆ, ಒಂದು ಟರ್ಬೊ ತಿರುಗುವ ವೇಗ, ಇನ್ನೊಂದು ವೋಲ್ಟೇಜ್. ಬಾನೆಟ್ಟಿನಡಿ 3 ಲೀಟರಿನ, ಜೋಡಿ ಟರ್ಬೊದ, 400 ಅಶ್ವಶಕ್ತಿಯ ವಿ6. ಇಷ್ಟೆಲ್ಲ ಬಲವಿದ್ದೂ ಕ್ಲಚ್ ತುಳಿದು ಕೈಯಾರೆ ಬದಲಿಸುವ ಆರು ಗೇರುಗಳನ್ನು ಉಳಿಸಿದ್ದಾರೆ, ಅಂಗೈಗೆ ಅದರ ಕೆಲಸ ಬಿಟ್ಟುಕೊಟ್ಟಿದ್ದಾರೆ.