ಹತ್ತಕ್ಕೆ ಹತ್ತು ಬಂದ ಮೇಲೆ

ಮಕ್ಕಳ ಜೊತೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆ ಸೇರಿದರೆ ಮೊದಲ ವಾರದಲ್ಲೇ ಫೋನಿಗೊಂದು ಲಿಂಕ್ ಬರುತ್ತದೆ: ಮಕ್ಕಳ ರಕ್ಷಣೆಯ ಆನ್‌ಲೈನ್ ತರಬೇತಿ. ನಲವತ್ತು ನಿಮಿಷದ ವಿಡಿಯೊ, ಹತ್ತು ಪ್ರಶ್ನೆ, ಕೊನೆಗೆ ನಮ್ಮ ಹೆಸರು ಬರೆದ ಸರ್ಟಿಫಿಕೇಟು. ಇಂಥ ಮೂರನ್ನು ನಾನೂ ಮುಗಿಸಿದ್ದೇನೆ. ಒಂದನ್ನಂತೂ ಬಸ್ಸಿನಲ್ಲಿ, ಸೌಂಡ್ ಆಫ್ ಮಾಡಿಕೊಂಡು.

ಕಾನೂನಿನ ಪಾಠ ಇವುಗಳಲ್ಲಿ ಚೆನ್ನಾಗಿಯೇ ಇರುತ್ತದೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆಯೆಂದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು. ಮನೆ ಬಿಟ್ಟು ಮೂರು ದಿನ ಬೆಂಗಳೂರಿಗೆ ಬರಲಾಗದ ಹಳ್ಳಿಯ ಕಾರ್ಯಕರ್ತೆಗೆ ಇಷ್ಟೆಲ್ಲ ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಸಿಗುವುದು ಸಣ್ಣ ಮಾತಲ್ಲ.

ತೊಡಕು ಶುರುವಾಗುವುದು ಭಾಷೆಯಲ್ಲಿ. ಇಂಗ್ಲಿಷಿನಿಂದ ಇಳಿಸಿದ ಆ ಕನ್ನಡದಲ್ಲಿ ಮಗು 'ಸಂತ್ರಸ್ತ ಬಾಲಕಿ'. ಅವಳು 'ಘಟನೆಯನ್ನು ಬಹಿರಂಗಪಡಿಸುತ್ತಾಳೆ'. ಯಾವ ಮಗು ಬಹಿರಂಗಪಡಿಸೀತು? 'ಮಿಸ್, ನಾ ಟ್ಯೂಷನ್ನಿಗೆ ಹೋಗಲ್ಲ' ಅಂದು, ಲಂಗದ ಅಂಚು ತಿರುಚುತ್ತ ನಿಂತುಬಿಡುತ್ತದೆ.

ಆಗೇನು ಮಾಡಬೇಕು? ಹತ್ತಕ್ಕೆ ಹತ್ತು ತೆಗೆದಿದ್ದ ಸ್ವಯಂಸೇವಕಿಯೊಬ್ಬಳ ಎದುರು ಒಮ್ಮೆ ನಾನೇ ಆ ಮಗುವಾಗಿ ಕೂತೆ. 'ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ' ಅಂದೆ. 'ಆಣೆಗೂ ಹೇಳಲ್ಲ ಪುಟ್ಟಿ' ಅಂದಳು, ಒಂದು ಗಳಿಗೆಯೂ ಯೋಚಿಸದೆ. ತಿಳಿಸುವುದು ಕಡ್ಡಾಯ ಎಂಬ ಉತ್ತರಕ್ಕೆ ಅದೇ ಬೆಳಿಗ್ಗೆ ಸರಿ ಗುರುತು ಹಾಕಿದ್ದವಳು! ಅವಳನ್ನು ದೂರುವಂತಿಲ್ಲ, ಅದು ಕರುಳು ಆಡಿಸಿದ ಮಾತು. ಕರುಳಿನ ಮಾತೂ ಕಾನೂನೂ ಎದುರುಬದುರಾಗುವ ಆ ಎರಡು ನಿಮಿಷವನ್ನು ಕೋರ್ಸು ಮುಟ್ಟಿಯೇ ಇರಲಿಲ್ಲ.

ಇದಕ್ಕೆ ಆನ್‌ಲೈನನ್ನೇ ಬೈಯುವುದು ಸುಲಭ, ಆದರೆ ನ್ಯಾಯವಲ್ಲ. ಅದೇ ಫೋನಿನ ವಿಡಿಯೊ ಕಾಲ್‌ನಲ್ಲಿ ಇಬ್ಬಿಬ್ಬರನ್ನು ಕೂರಿಸಿ ಈ ಆಟ ಆಡಿಸಬಹುದು. ಒಬ್ಬೊಬ್ಬರಿಗೂ ಅನುಭವಸ್ಥರ ಅರ್ಧ ಗಂಟೆ ಬೇಕಾಗುತ್ತದೆ, ಅಷ್ಟೆ. ಆ ಅರ್ಧ ಗಂಟೆ ವಾರ್ಷಿಕ ವರದಿಯಲ್ಲಿ ಕಾಣುವುದಿಲ್ಲ. ಸರ್ಟಿಫಿಕೇಟಿನ ಲೆಕ್ಕ ಕಾಣುತ್ತದೆ.

ಅವಳೂ ನಾನೂ ಆವತ್ತು ಮತ್ತೆ ಮತ್ತೆ ಆಡಿದೆವು. ನಾಲ್ಕನೇ ಸಲಕ್ಕೆ ಸರಿಯಾದ ಮಾತು ಬಾಯಿಗೆ ಬಂತು: 'ಒಬ್ಬರಿಬ್ಬರಿಗೆ ಹೇಳಲೇಬೇಕಾಗುತ್ತೆ ಪುಟ್ಟಿ. ಯಾರಿಗೆ ಅಂತ ಮೊದಲು ನಿಂಗೇ ಹೇಳ್ತೀನಿ.'