ಕ್ರಾಂತಿಯ ಭವಿಷ್ಯವಾಣಿಯೂ ಕರಾವಳಿಯ ಗೇಣಿದಾರನೂ

ಕಾರ್ಲ್ ಮಾರ್ಕ್ಸನ ಭವಿಷ್ಯವಾಣಿ ನಿಜವಾಯಿತೆ ಎಂಬ ಪ್ರಶ್ನೆಗೆ 1917ರ ರಷ್ಯವನ್ನೋ 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುದನ್ನೋ ಮುಂದಿಟ್ಟು ಉತ್ತರ ಹೇಳುವುದು ರೂಢಿ. ನಮ್ಮ ಕರಾವಳಿಯ ಗದ್ದೆಗಳು ನುಡಿಯುವ ಸಾಕ್ಷ್ಯ ಅಷ್ಟು ಸರಳವಾದುದಲ್ಲ.

1955ರಲ್ಲಿ ಪ್ರಕಟವಾದ ನಿರಂಜನರ ‘ಚಿರಸ್ಮರಣೆ’ಗೆ ವಸ್ತುವಾದುದು, ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ 1941ರಲ್ಲಿ ನಡೆದ ರೈತ ಹೋರಾಟ. ಅದಕ್ಕಾಗಿ ನಾಲ್ವರು ತರುಣರು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಸಂಘಟಿತರಾದ ದುಡಿಯುವವರೇ ಜಮೀನ್ದಾರಿಕೆಯನ್ನು ಅಳಿಸುವರೆಂಬ ಶ್ರದ್ಧೆ ಆ ಕಾದಂಬರಿಯ ಜೀವಾಳವಾಗಿದೆ.

ಇತಿಹಾಸ ಹಿಡಿದ ದಾರಿ ಬೇರೆ. ಕಯ್ಯೂರು ಸೇರಿದ ಕೇರಳದಲ್ಲಿ 1970ರ ಜನವರಿ 1ರಂದು, ಕರ್ನಾಟಕದಲ್ಲಿ ದೇವರಾಜ ಅರಸರ ಆಳಿಕೆಯಲ್ಲಿ 1974ರ ಮಾರ್ಚ್ 1ರಂದು, ಗೇಣಿಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆಗಳು ಜಾರಿಗೆ ಬಂದವು. ಅಲೆವೂರಿನಂತಹ, ಉಡುಪಿಯ ಸುತ್ತಣ ಗ್ರಾಮಗಳ ಚಾಲಗೇಣಿ ಒಕ್ಕಲು ಏಳನೆಯ ನಮೂನೆಯ ಅರ್ಜಿ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ಸ್ಥಾಪಿಸಿಕೊಂಡನು. ‘ಡಿಕ್ಲರೇಶನ್’ ಎಂದು ಜನ ಕರೆದ ಆ ಅರ್ಜಿ, ಕ್ರಾಂತಿ ಮಾಡಬೇಕಾಗಿದ್ದ ಕೆಲಸವನ್ನು ಮಾಡಿತು. ರೈತ ಸಂಘಗಳ ಒತ್ತಾಯವಿಲ್ಲದೆ ಶಾಸನ ತಾನಾಗಿ ಬಂದುದಲ್ಲವೆಂಬುದು ದಿಟ. ಆದರೆ ಬೇಡಿಕೆ ಕೈಗೂಡಿದ್ದು ಮತಪೆಟ್ಟಿಗೆ, ಶಾಸನಸಭೆಗಳ ಮೂಲಕ. ಮಾರ್ಗದ ಮಟ್ಟಿಗೆ ಭವಿಷ್ಯವಾಣಿ ತಪ್ಪಿತೆನ್ನಲೇಬೇಕು.

‘ಬಂಡವಾಳ’ ಗ್ರಂಥದಲ್ಲಿ ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿಗೆ ಸೀಮಿತವಾದುದೆಂದು ಮಾರ್ಕ್ಸನೇ 1881ರಲ್ಲಿ ವೇರಾ ಜಸೂಲಿಚ್‌ಗೆ ಬರೆದನೆಂಬ ಸಮಾಧಾನವನ್ನು ಕೆಲವರು ನೀಡಬಹುದು. ಈ ಸಮಾಧಾನ ಗುರುವನ್ನು ಉಳಿಸುತ್ತದೆ. ಅವನ ಮಾತನ್ನು ಸಾರ್ವತ್ರಿಕ ನಿಯಮವೆಂದು ಸಾರಿದ ಅನುಯಾಯಿಗಳನ್ನು ಉಳಿಸುವುದಿಲ್ಲ.

ಹಾಗಾದರೆ ಶಾಸನವೇ ಗೆದ್ದಿತೆ? ಇಲ್ಲಿ ಕಾರಂತರ ‘ಚೋಮನ ದುಡಿ’ಯನ್ನು (1933) ನೆನೆಯಬೇಕು. ಚೋಮನಿಗೆ ಎತ್ತುಗಳಿದ್ದವು, ಬೇಸಾಯದ ಆಸೆಯಿತ್ತು. ಗೇಣಿಗೆ ಗದ್ದೆ ಮಾತ್ರ ಸಿಕ್ಕಲಿಲ್ಲ. 1974ರ ಕಾಯಿದೆ ಗೇಣಿಯನ್ನೇ ಹಕ್ಕಿನ ಆಧಾರವಾಗಿ ಹಿಡಿದುದರಿಂದ, ಅಂಥವನಿಗೆ ಅದರಿಂದ ಹೆಚ್ಚೆಂದರೆ ಮನೆಯ ಅಡಿಸ್ಥಳ ದೊರೆಯಬಹುದಾಗಿತ್ತು. ಗೇಣಿದಾರ ಒಡೆಯನಾದ, ಕೂಲಿಯವನು ಕೂಲಿಯವನಾಗಿಯೇ ಉಳಿದ. ಭೂಮಿ ಪಡೆದ ಗೇಣಿದಾರನಿಗೆ ಕ್ರಾಂತಿಯ ಅಗತ್ಯ ತೀರಿತು, ಪಡೆಯದವನು ಒಂಟಿಯಾದ.

ಆದುದರಿಂದ ಮಾರ್ಕ್ಸ್‌ವಾದವನ್ನು ಭವಿಷ್ಯಜ್ಞಾನವೆಂದು ಓದುವವರಿಗೆ ಕರಾವಳಿಯ ಅನುಭವ ನಿರಾಶೆಯನ್ನೇ ತರುತ್ತದೆ. ದುಡಿಮೆ ಯಾರದು, ಒಡೆತನ ಯಾರದು ಎಂದು ಕೇಳುವ ವಿಮರ್ಶೆಯಾಗಿ ಅದನ್ನು ಓದುವವರಿಗೆ ಚೋಮನ ಪ್ರಶ್ನೆ ಇನ್ನೂ ಉತ್ತರಕ್ಕಾಗಿ ಕಾದಿದೆ.